ಬಾಜಿ ಮಗನದ್ದು, ಚುಕ್ತಾ ಅಮ್ಮನದ್ದು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ತಾಲ್ಲೂಕಿನ ಜನ ದುಡ್ಡಿನ ಲೆಕ್ಕದಲ್ಲಿ ದಡ್ಡರಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವಾಗ ಒಂದು ಗಂಟೆ ನಿಂತು ನೋಡಿ. ಹದಿನೈದು ಕೆಜಿ ಬಾಕ್ಸ್‌ಗೆ ಯಾರು ಎಷ್ಟು ಕೂಗಿದರು, ಎಷ್ಟಕ್ಕೆ ನಿಂತಿತು, ಕಮಿಷನ್ ಎಷ್ಟು ಹೋಯಿತು, ಲಾರಿ ಬಾಡಿಗೆ ಎಷ್ಟು, ಎಲ್ಲವೂ ರೈತನ ಬಾಯಲ್ಲೇ ಇರುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಮರ ಹೂ ಬಿಟ್ಟಾಗಲೇ ಫಸಲು ಅಂದಾಜು ಮಾಡಿ ತೋಟ ಗುತ್ತಿಗೆ ಮಾತಾಡುವವರಿದ್ದಾರೆ. ಡೇರಿಗೆ ಹಾಲು ಹಾಕೋ ತಾಯಿ ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೂ ಬಿಡಲ್ಲ, "ಇನ್ನೊಂದ್ಸಲ ನೋಡಪ್ಪ" ಅಂತಾಳೆ.

ಇಂಥ ಲೆಕ್ಕದ ಮನೆಯಲ್ಲಿ ಹುಟ್ಟಿದ ಹುಡುಗ ರಾತ್ರಿ ಏಳೂವರೆಗೆ ಐಪಿಎಲ್ ಮ್ಯಾಚ್ ಶುರುವಾದ ತಕ್ಷಣ ಏನು ಮಾಡ್ತಾನೆ? ಮುಖವನ್ನೇ ನೋಡದ ಒಬ್ಬನಿಗೆ ವಾಟ್ಸಾಪ್‌ನಲ್ಲಿ "ಆರ್‌ಸಿಬಿ, ಐದು" ಅಂತ ಕಳಿಸ್ತಾನೆ. ಐದು ಅಂದ್ರೆ ಐದು ರೂಪಾಯಿ ಅಲ್ಲ, ಐದು ಸಾವಿರ. ಚೀಟಿ ಇಲ್ಲ, ಸಹಿ ಇಲ್ಲ, ಸಾಕ್ಷಿ ಇಲ್ಲ. ಅಮ್ಮ ಡೇರಿಯಲ್ಲಿ ಕೇಳುವ ಪ್ರಶ್ನೆಯನ್ನು ಮಗ ಬುಕ್ಕಿಗೆ ಕೇಳುವುದಿಲ್ಲ.

ಹಾಗಾಗಿ ಇವತ್ತು ಆ ಪ್ರಶ್ನೆಯನ್ನು ನಾನು ಕೇಳ್ತೀನಿ. ಬೆಟ್ಟಿಂಗ್ ಪಾಪ, ಬೆಟ್ಟಿಂಗ್ ತಪ್ಪು ಅಂತ ಉಪದೇಶ ಮಾಡಲು ನಾನು ಕೂತಿಲ್ಲ. ನನ್ನ ಪ್ರಶ್ನೆ ಇಷ್ಟೇ: ಆಟ ಮುಗಿದ ಮೇಲೆ ಬಾಜಿಯ ತೀರ್ಪು ಕೊಡೋರು ಯಾರು? ಆ ಲೆಕ್ಕ ಚುಕ್ತಾ ಮಾಡೋರು ಯಾರು?

ಮೊದಲು ರೇಟು ಅರ್ಥ ಮಾಡಿಕೊಳ್ಳೋಣ. ಎರಡು ತಂಡವೂ ಸಮಬಲ ಅಂತ ಇಟ್ಟುಕೊಳ್ಳಿ. ಬುಕ್ಕಿ ಕೊಡುವ ರೇಟು ತೊಂಬತ್ತು ಪೈಸೆ. ಅಂದ್ರೆ ನೀವು ಸಾವಿರ ಕಟ್ಟಿ ಗೆದ್ದರೆ ಒಂಬೈನೂರು ಬರುತ್ತದೆ, ಸೋತರೆ ಪೂರ್ತಿ ಸಾವಿರ ಹೋಗುತ್ತದೆ. ಮಾಲೂರಿನ ಒಬ್ಬ ಈ ತಂಡಕ್ಕೆ ಸಾವಿರ ಕಟ್ಟಿದ, ಮುಳಬಾಗಿಲಿನ ಒಬ್ಬ ಆ ತಂಡಕ್ಕೆ ಸಾವಿರ ಕಟ್ಟಿದ. ಒಬ್ಬ ಗೆದ್ದೇ ಗೆಲ್ತಾನೆ. ಬುಕ್ಕಿ ಸೋತವನಿಂದ ಸಾವಿರ ತಗೊಂಡು ಗೆದ್ದವನಿಗೆ ಒಂಬೈನೂರು ಕೊಟ್ಟು ನೂರು ರೂಪಾಯಿ ಜೇಬಿಗೆ ಹಾಕ್ಕೊಳ್ತಾನೆ. ಯಾವ ತಂಡ ಗೆದ್ದರೂ ಅವನಿಗೆ ನೂರು.

ಐಪಿಎಲ್‌ನ ಒಂದು ಸೀಸನ್‌ಗೆ 74 ಮ್ಯಾಚ್. ಪ್ರತಿ ಮ್ಯಾಚ್‌ಗೂ ಸಾವಿರದಂತೆ ಕಟ್ಟಿ ಅರ್ಧ ಗೆದ್ದಿರಿ, ಅರ್ಧ ಸೋತಿರಿ ಅನ್ನಿ. 37 ಗೆಲುವಿಗೆ ಬಂದದ್ದು 33,300. 37 ಸೋಲಿಗೆ ಹೋದದ್ದು 37,000. ಅರ್ಧಕ್ಕರ್ಧ ಸರಿಯಾಗಿ ಹೇಳಿದರೂ 3,700 ರೂಪಾಯಿ ನಷ್ಟ. ಇದರಲ್ಲಿ ಮೋಸ ಇಲ್ಲ, ಫಿಕ್ಸಿಂಗ್ ಇಲ್ಲ. ರೇಟೇ ಹಾಗಿದೆ.

ಇನ್ನು ಆರ್‌ಸಿಬಿ ವಿಚಾರ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಆರು ರನ್‌ಗಳಿಂದ ಗೆದ್ದು ಕಪ್ ತಂದರು. ಹದಿನೆಂಟು ವರ್ಷ ನಮ್ಮ ಹುಡುಗರು "ಈ ಸಲ ಕಪ್ ನಮ್ದೇ" ಅಂದ್ರಲ್ಲ, ಆ ಪ್ರೀತಿ ಬುಕ್ಕಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಯಾವ ತಂಡದ ಮೇಲೆ ಜನ ಮುಗಿಬಿದ್ದು ಕಟ್ಟುತ್ತಾರೋ ಆ ತಂಡದ ರೇಟು ಇಳಿಸ್ತಾನೆ. ನಿಮ್ಮ ಅಭಿಮಾನಕ್ಕೂ ಅವನು ಕಮಿಷನ್ ಹಿಡೀತಾನೆ.

ಸರಿ, ರೇಟು ಗೊತ್ತಾಯಿತು. ಈಗ ತೀರ್ಪಿಗೆ ಬರೋಣ. ಗೆದ್ದವರು ಯಾರು ಅಂತ ಟಿವಿಯಲ್ಲೇ ಕಾಣುತ್ತಲ್ಲ, ಇದರಲ್ಲಿ ತೀರ್ಪು ಏನು ಬಂತು ಅಂತ ನೀವು ಕೇಳಬಹುದು. ಅಷ್ಟು ಸುಲಭ ಇಲ್ಲ. ಆಟದ ಫಲಿತಾಂಶ ಬೇರೆ, ಬಾಜಿಯ ಫಲಿತಾಂಶ ಬೇರೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕ್ರಿಕೆಟ್ ತಗೊಳ್ಳಿ. 2025ರ ಮೇ 17ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿ, ಕೋಲ್ಕತ್ತಾ ಮ್ಯಾಚ್ ಒಂದೇ ಒಂದು ಬಾಲ್ ಇಲ್ಲದೆ ಮಳೆಗೆ ಹೋಯಿತು. ಮ್ಯಾಚ್ ಮೇಲೆ ಕಟ್ಟಿದ ದುಡ್ಡು ವಾಪಸ್, ಅದು ಸುಲಭ. ಆದರೆ ಅದಕ್ಕೆ ಒಂಬತ್ತು ದಿನ ಮುಂಚೆ, ಮೇ 8ರಂದು, ಧರ್ಮಶಾಲಾದಲ್ಲಿ ಏನಾಯಿತು? ಪಂಜಾಬ್ ಮತ್ತು ಡೆಲ್ಲಿ ಮ್ಯಾಚ್. ಪಂಜಾಬ್ 10.1 ಓವರ್‌ಗೆ ಒಂದು ವಿಕೆಟ್‌ಗೆ 122. ಗಡಿಯಲ್ಲಿ ಸಂಘರ್ಷ ನಡೀತಿತ್ತು, ಮ್ಯಾಚ್ ಅಲ್ಲಿಗೇ ನಿಲ್ಲಿಸಿದರು. ಮೇ 24ಕ್ಕೆ ಜೈಪುರದಲ್ಲಿ ಮತ್ತೆ ಮೊದಲಿನಿಂದ ಆಡಿಸಿದರು.

ಈಗ ಹೇಳಿ. ಆರು ಓವರ್‌ಗೆ ಎಷ್ಟು ರನ್ ಅಂತ ಕಟ್ಟುತ್ತಾರಲ್ಲ, ಅದಕ್ಕೆ ಸೆಷನ್ ಅಂತಾರೆ. ಆ ಆರು ಓವರ್ ಮುಗಿದಿತ್ತು. ಸಾಮಾನ್ಯ ನಿಯಮದ ಪ್ರಕಾರ ಆ ಬಾಜಿ ನಿಂತಿತು. ಸೋತವನು ದುಡ್ಡು ಕೊಡಲೇಬೇಕು. ಹದಿನೈದು ಓವರ್ ಸೆಷನ್ ಮುಗಿದಿರಲಿಲ್ಲ, ಅದು ರದ್ದು. ಮ್ಯಾಚ್ ಬಾಜಿ? ಅವತ್ತೇ ರದ್ದಾಯಿತಾ, ಅಥವಾ ಜೈಪುರದ ಮ್ಯಾಚ್‌ಗೆ ಮುಂದುವರಿಯಿತಾ? ಅದು ಬುಕ್ಕಿಯ ನಿಯಮ. ಆ ನಿಯಮ ಎಲ್ಲಿ ಬರೆದಿದೆ? ಹಳ್ಳಿಯ ಬುಕ್ಕಿಗೆ ಅದು ಬಾಯಲ್ಲಿದೆ. ಆಪ್‌ನವರಿಗೆ ಇಂಗ್ಲಿಷ್‌ನಲ್ಲಿ ಎಷ್ಟೋ ಪುಟದ ಕೆಳಗೆ, ಇರುವೆ ಅಕ್ಷರದಲ್ಲಿದೆ.

2019ರ ವಿಶ್ವಕಪ್ ಫೈನಲ್ ಮರೆತಿಲ್ಲ ತಾನೆ? ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಸ್ಕೋರು ಸಮ. ಸೂಪರ್ ಓವರ್ ಕೂಡ ಸಮ. ಕೊನೆಗೆ ಬೌಂಡರಿ ಎಣಿಸಿ, 26ಕ್ಕೆ 17 ಅಂತ ಇಂಗ್ಲೆಂಡ್‌ಗೆ ಕಪ್ ಕೊಟ್ಟರು. ಸೂಪರ್ ಓವರ್ ಲೆಕ್ಕಕ್ಕೆ ತಗೊಳ್ಳುವ ಬಾಜಿಯಲ್ಲಿ ಇಂಗ್ಲೆಂಡ್ ಗೆದ್ದಂತೆ. ತಗೊಳ್ಳದ ಬಾಜಿಯಲ್ಲಿ ಮ್ಯಾಚ್ ಟೈ ಆದಂತೆ. ಒಂದೇ ಮ್ಯಾಚ್, ಎರಡು ತೀರ್ಪು.

ಈಗ ಹುಡುಗರು ಕ್ರಿಕೆಟ್‌ಗೆ ಮಾತ್ರ ನಿಂತಿಲ್ಲ. ಐಪಿಎಲ್ ಮುಗಿದರೆ ಆಪ್‌ನಲ್ಲಿ ಫುಟ್‌ಬಾಲ್, ಟೆನಿಸ್, ಕಬಡ್ಡಿ ಎಲ್ಲ ಬರುತ್ತವೆ. ನಿಯಮ ಗೊತ್ತಿಲ್ಲದ ಆಟಕ್ಕೂ ಕಟ್ಟುತ್ತಾರೆ. 2022ರ ಡಿಸೆಂಬರ್ 18ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡಿ. ಅರ್ಜೆಂಟೀನಾ ಗೆದ್ದಿತು, ಮೆಸ್ಸಿ ಕಪ್ ಎತ್ತಿದ, ಪ್ರಪಂಚವೇ ನೋಡಿತು. ಆದರೆ ಫುಟ್‌ಬಾಲ್‌ನಲ್ಲಿ ಮಾಮೂಲಿ ಮ್ಯಾಚ್ ಬಾಜಿಗೆ ಲೆಕ್ಕ ಇರೋದು ತೊಂಬತ್ತು ನಿಮಿಷ ಮತ್ತು ಅದಕ್ಕೆ ರೆಫರಿ ಸೇರಿಸುವ ನಿಮಿಷಗಳು ಮಾತ್ರ. ಆಗ ಸ್ಕೋರು 2-2. ಎಕ್ಸ್‌ಟ್ರಾ ಟೈಮ್‌ನಲ್ಲಿ 3-3 ಆಗಿ, ಪೆನಾಲ್ಟಿಯಲ್ಲಿ 4-2 ಆದದ್ದು ಆ ಬಾಜಿಗೆ ಲೆಕ್ಕವೇ ಇಲ್ಲ. ಅಂದ್ರೆ "ಅರ್ಜೆಂಟೀನಾ ಗೆಲ್ಲುತ್ತೆ" ಅಂತ ಆ ಬಾಜಿ ಕಟ್ಟಿದವನು ಸೋತ! ಕಪ್ ಎತ್ತುವ ತಂಡ ಯಾವುದು ಅಂತ ಬೇರೆ ಬಾಜಿ ಇರುತ್ತೆ. ಅದಕ್ಕೆ ಕಟ್ಟಿದವನು ಗೆದ್ದ.

ಟೆನಿಸ್‌ನಲ್ಲಿ ಇನ್ನೂ ವಿಚಿತ್ರ. ಆಟಗಾರ ಕಾಲು ಉಳುಕಿಸಿಕೊಂಡು ಅರ್ಧಕ್ಕೇ ಹೊರಟುಹೋದ ಅಂದ್ಕೊಳ್ಳಿ. ಒಂದು ಕಂಪನಿ, ಮೊದಲ ಸೆಟ್ ಮುಗಿದಿದ್ದರೆ ಬಾಜಿ ಊರ್ಜಿತ ಅನ್ನುತ್ತದೆ. ಇನ್ನೊಂದು ಕಂಪನಿ ಪೂರ್ತಿ ಮ್ಯಾಚ್ ಮುಗಿಯಲೇಬೇಕು, ಇಲ್ಲಾಂದ್ರೆ ದುಡ್ಡು ವಾಪಸ್ ಅನ್ನುತ್ತದೆ. ಕಬಡ್ಡಿಯಲ್ಲಿ ಸ್ಕೋರು ಸಮ ಆದರೆ? ಟೈಗೆ ಬೇರೆ ರೇಟು ಇದ್ದರೆ ಎರಡೂ ಕಡೆಯವರು ಸೋತರು. ಇಲ್ಲದಿದ್ದರೆ ವಾಪಸ್. ಮತ್ತೆ ಅದೇ ಮಾತು: ಯಾರ ನಿಯಮ?

ಗಡಿಯಲ್ಲಿ ಕೋಳಿ ಪಂದ್ಯ ನಡೆಯುವುದೂ ಉಂಟು. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ನಾನು ಸಮರ್ಥಿಸ್ತಿಲ್ಲ. ಆದರೆ ಅಲ್ಲಿ ಒಂದು ವಿಷಯ ಗಮನಿಸಿ. ಕೋಳಿ ಓಡಿತಾ, ಬಿತ್ತಾ ಅಂತ ಸುತ್ತ ನಿಂತ ನೂರು ಜನ ನೋಡಿರ್ತಾರೆ. ದುಡ್ಡು ಅಲ್ಲೇ ಕೈ ಬದಲಾಗುತ್ತೆ. ಎದುರಾಳಿ ಎದುರಿಗೇ ಇರ್ತಾನೆ, ಜೇಬಲ್ಲಿ ಇದ್ದಷ್ಟೇ ಹೋಗುತ್ತೆ. ಫೋನ್ ಬೆಟ್ಟಿಂಗ್‌ನಲ್ಲಿ ಜೇಬಲ್ಲಿ ಇಲ್ಲದ ದುಡ್ಡೂ ಹೋಗುತ್ತೆ.

ಕಾನೂನಿನ ಒಳಗೆ ಬಾಜಿ ಹೇಗೆ ಚುಕ್ತಾ ಆಗುತ್ತೆ ಅಂತ ನೋಡಬೇಕಾದರೆ ಬೆಂಗಳೂರಿನ ರೇಸ್ ಕೋರ್ಸ್ ನೋಡಬೇಕು. 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆ ಅದಕ್ಕಿದೆ. ಕುದುರೆ ಓಟ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಅಲ್ಲಿ ಟೋಟ್ ಅಂತ ಇದೆ. ಎಲ್ಲರ ದುಡ್ಡನ್ನೂ ಒಂದು ರಾಶಿ ಹಾಕ್ತಾರೆ. ಕ್ಲಬ್‌ನ ಪಾಲು, ತೆರಿಗೆ ಕಳೆದು ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚ್ತಾರೆ. ಕುದುರೆ ಗೆರೆ ದಾಟಿದ ತಕ್ಷಣ ದುಡ್ಡು ಕೊಡಲ್ಲ. ಜಾಕಿ ಇಳಿದು ತೂಕದ ಯಂತ್ರದ ಮೇಲೆ ನಿಲ್ಲಬೇಕು, ತಕರಾರಿದ್ದರೆ ಸ್ಟೀವರ್ಡ್‌ಗಳು ವಿಚಾರಣೆ ಮಾಡಬೇಕು, ಆಮೇಲೆ ಫಲಿತಾಂಶ ಅಧಿಕೃತ. ಅದಕ್ಕೇ ಹಳಬರು ಟಿಕೆಟ್ ಹರಿದು ಬಿಸಾಡಲ್ಲ. ರೇಸಲ್ಲೂ ಮನೆ ಹಾಳಾದವರಿದ್ದಾರೆ, ಒಪ್ತೀನಿ. ಆದರೆ ಅಲ್ಲಿ ಟಿಕೆಟ್ ಇದೆ, ನಿಯಮ ಇದೆ, ತೀರ್ಪು ಕೊಡುವವನಿಗೂ ಬಾಜಿ ಕಟ್ಟಿದವನಿಗೂ ಸಂಬಂಧ ಇಲ್ಲ.

ಫೋನ್ ಬುಕ್ಕಿ ವಿಷಯದಲ್ಲಿ? ಅವನೇ ಆಟಗಾರ, ಅವನೇ ಅಂಪೈರ್, ಅವನೇ ಖಜಾಂಚಿ.

ಅವನು ಮೋಸ ಮಾಡಿದರೆ ಕೋರ್ಟಿಗೆ ಹೋಗಬಹುದಾ? ಹೋಗೋಕಾಗಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಕಲಂ ಸ್ಪಷ್ಟವಾಗಿದೆ: ಬಾಜಿಯ ಒಪ್ಪಂದ ಅಸಿಂಧು, ಬಾಜಿಯಲ್ಲಿ ಗೆದ್ದೆ ಅಂತ ಹಣಕ್ಕೆ ದಾವೆ ಹೂಡುವಂತಿಲ್ಲ. ಹೋಗಲಿ, ಮ್ಯಾಚ್ ಫಿಕ್ಸ್ ಆಗಿತ್ತು, ನನಗೆ ವಂಚನೆ ಆಯ್ತು ಅನ್ನಬಹುದಾ? 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲೇ ಫಿಕ್ಸಿಂಗ್ ಆರೋಪ ಬಂತು. ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ವಂಚನೆಯ ವ್ಯಾಖ್ಯೆಗೆ ಬರಲ್ಲ, ಕ್ರಮ ತಗೊಳ್ಳೋದು ಬಿಸಿಸಿಐ ಕೆಲಸ ಅನ್ನುವುದು ಆ ತೀರ್ಪಿನ ಸಾರ. ಅಂದ್ರೆ ಮ್ಯಾಚ್ ನಿಜವೋ ನಾಟಕವೋ, ಬಾಜಿ ಕಟ್ಟಿದವನಿಗೆ ಮಾತ್ರ ಎಲ್ಲೂ ಬಾಗಿಲಿಲ್ಲ.

ಹಾಗಾದರೆ ಸರ್ಕಾರ ಏನು ಮಾಡಿದೆ? 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಕಾನೂನು ತಂದಿತು. ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ. ದೊಡ್ಡ ದೊಡ್ಡ ಕಂಪನಿಗಳು ಅಂಗಡಿ ಮುಚ್ಚಿದವು. ಒಳ್ಳೇದೇ. ಆದರೆ ಟಿವಿಯಲ್ಲಿ ಜಾಹೀರಾತು ಕೊಡ್ತಿದ್ದ ಕಂಪನಿ ಮುಚ್ಚಿತು ಅಂತ ಊರಿನ ಏಜೆಂಟ್ ಮುಚ್ಚಿದನಾ? ಮುಳಬಾಗಿಲು ದಾಟಿ ನಂಗಲಿ ಆಚೆ ಹೋದರೆ ಆಂಧ್ರ. ಮಾಲೂರಿನಿಂದ ಹೊಸೂರಿಗೆ ಹೋದರೆ ತಮಿಳುನಾಡು. ಪೊಲೀಸ್ ಠಾಣೆಗೆ ಗಡಿ ಇದೆ, ವಾಟ್ಸಾಪ್ ನಂಬರ್‌ಗೆ ಗಡಿ ಇಲ್ಲ.

ಈಗ ಚುಕ್ತಾ ವಿಷಯ. ನಿಜವಾದ ಕಥೆ ಇಲ್ಲಿಂದಲೇ ಶುರು.

ಮೊದಲ ವಾರ ಹುಡುಗ ಗೆಲ್ತಾನೆ. ಬುಕ್ಕಿ ಒಂದು ಗಂಟೆ ತಡ ಮಾಡದೆ ದುಡ್ಡು ಹಾಕ್ತಾನೆ. ನಂಬಿಕೆ ಬರುತ್ತೆ. ಆಮೇಲೆ ಏಜೆಂಟ್ ಹೇಳ್ತಾನೆ, "ದುಡ್ಡು ಈಗಲೇ ಬೇಡ ಮಗಾ, ನಿನಗೆ ಲಿಮಿಟ್ ಕೊಡ್ತೀನಿ, ವಾರಕ್ಕೊಂದ್ಸಲ ಲೆಕ್ಕ ಮಾಡೋಣ." ಈ ಏಜೆಂಟ್ ಹೊರಗಿನವನಲ್ಲ. ಅದೇ ಊರಿನವನು, ಜೊತೆಗೆ ಕ್ರಿಕೆಟ್ ಆಡಿದವನು. ಸೋಲು ಶುರುವಾದಾಗ ಹುಡುಗ ಡಬಲ್ ಮಾಡ್ತಾನೆ. ಒಂದ್ಸಲ ಗೆದ್ದರೆ ಎಲ್ಲ ವಾಪಸ್ ಬರುತ್ತೆ ಅಂತ. ಲೆಕ್ಕ ಹಾಕೋಣ ಬನ್ನಿ. ಸಾವಿರ, ಎರಡು ಸಾವಿರ, ನಾಲ್ಕು ಸಾವಿರ, ಎಂಟು ಸಾವಿರ. ನಾಲ್ಕೂ ಸೋತ, ಹೋದದ್ದು 15,000. ಐದನೇ ಸಲ 16,000 ಕಟ್ಟಿ ಗೆದ್ದ. ತೊಂಬತ್ತು ಪೈಸೆ ರೇಟಿಗೆ ಬಂದದ್ದು 14,400. ಗೆದ್ದ ಮೇಲೂ 600 ರೂಪಾಯಿ ನಷ್ಟ! ಐದನೆಯದೂ ಸೋತಿದ್ದರೆ 31,000.

ವಾರದ ಕೊನೆಗೆ ದುಡ್ಡಿಲ್ಲ. ಆಗ ಬರುತ್ತೆ ಖಾಲಿ ಚೆಕ್. ಬೈಕಿನ ಆರ್‌ಸಿ. ಸಹಿ ಹಾಕಿದ ಬಾಂಡ್ ಪೇಪರ್. ಪೇಪರ್ ಮೇಲೆ ಬೆಟ್ಟಿಂಗ್ ಅಂತ ಬರೆಯಲ್ಲ, "ಕೈಸಾಲ" ಅಂತ ಬರೀತಾರೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಾಜಿಯ ದುಡ್ಡಿಗೆ ಕೋರ್ಟಿಗೆ ಹೋಗೋಕಾಗಲ್ಲ ಅಂತ ಹೇಳಿದೆನಲ್ಲ, ಬುಕ್ಕಿಗೂ ಅದು ಗೊತ್ತು. ಅದಕ್ಕೇ ಬಾಜಿಯನ್ನು ಸಾಲ ಮಾಡ್ತಾನೆ. ಚೆಕ್ ಬೌನ್ಸ್ ಆದರೆ 138ನೇ ಕಲಂ ಕೇಸು, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್‌ನ ಎರಡು ಪಟ್ಟುವರೆಗೆ ದಂಡ, ಅಥವಾ ಎರಡೂ. ಚೆಕ್ ಕೊಟ್ಟಿದ್ದು ಸಾಲಕ್ಕೇ ಅಂತ ಕಾನೂನು ಮೊದಲು ಊಹಿಸುತ್ತೆ. ಅಲ್ಲ ಸ್ವಾಮಿ, ಅದು ಬೆಟ್ಟಿಂಗ್ ದುಡ್ಡು ಅಂತ ತೋರಿಸುವ ಹೊಣೆ ಹುಡುಗನ ತಲೆ ಮೇಲೆ. ಹೇಗೆ ತೋರಿಸ್ತಾನೆ? ಮೆಸೇಜ್ ಎಲ್ಲ ಅಳಿಸಿಬಿಟ್ಟಿರ್ತಾನಲ್ಲ!

ಅಲ್ಲಿಂದ ಮೀಟರ್ ಬಡ್ಡಿ. ಒಬ್ಬನ ಸಾಲ ತೀರಿಸಲು ಇನ್ನೊಬ್ಬನ ಹತ್ತಿರ. ಕೊನೆಗೆ ಮನೆ ಬಾಗಿಲಿಗೆ ನಾಲ್ಕು ಜನ ಬಂದು ನಿಲ್ತಾರೆ. ಆಗ ತೀರಿಸೋರು ಯಾರು? ಅಮ್ಮ. ಅಮ್ಮನ ಓಲೆ, ಸಂಘದಲ್ಲಿ ತೆಗೆದ ಸಾಲ, ಹಾಲಿನ ಬಟವಾಡೆ, ಅಪ್ಪನ ಹೆಸರಿನ ಒಂದೆಕರೆ. 2024ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ, ಗಂಡನ ಐಪಿಎಲ್ ಬೆಟ್ಟಿಂಗ್ ಸಾಲಕ್ಕೆ ಸಾಲಗಾರರ ಕಾಟ ತಾಳಲಾರದೆ ಒಬ್ಬ ಹೆಣ್ಣುಮಗಳು ಪ್ರಾಣ ಕಳೆದುಕೊಂಡರು. ಬಾಜಿ ಕಟ್ಟಿದ್ದು ಗಂಡ, ಬೆಲೆ ಕೊಟ್ಟಿದ್ದು ಆ ತಾಯಿ.

ಗೆದ್ದವನಾದರೂ ಸುಖವಾಗಿರ್ತಾನಾ? ಈ ಆಪ್‌ಗಳ ದುಡ್ಡು ಬರೋದು ಕಂಪನಿ ಖಾತೆಯಿಂದಲ್ಲ. ಯಾರ್ಯಾರದೋ ಬಾಡಿಗೆ ಖಾತೆಗಳಿಂದ. ಅದರಲ್ಲಿ ಸೈಬರ್ ವಂಚನೆಯ ದುಡ್ಡೂ ಸೇರಿರಬಹುದು. ಎಲ್ಲೋ ಒಬ್ಬರು ದೂರು ಕೊಟ್ಟರೆ ದುಡ್ಡು ಹೋದ ದಾರಿಯಲ್ಲಿರುವ ಖಾತೆಗಳು ಫ್ರೀಜ್ ಆಗುತ್ತವೆ. ಗೆದ್ದ ಎರಡು ಸಾವಿರಕ್ಕೆ ಮನೆಯ ಟೊಮೆಟೊ ದುಡ್ಡು ಬಿದ್ದಿರುವ ಖಾತೆ ಲಾಕ್.

ಕೆಲವರು ನನಗೆ ಹೇಳ್ತಾರೆ, "ಸಾರ್, ಟೊಮೆಟೊ ಬೆಳೆಯೋದೂ ಜೂಜೇ ಅಲ್ವಾ?" 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ಬೆಲೆ ಇಲ್ಲದೆ ರಸ್ತೆ ಬದಿ ಸುರಿದ ದಿನಗಳೂ ಇವೆ. ಹೌದು, ಅದರಲ್ಲಿ ಅದೃಷ್ಟ ಇದೆ. ಆದರೆ ಒಂದು ವ್ಯತ್ಯಾಸ ಇದೆ ಕಣ್ರೀ. ರೈತ ಸೋತರೂ ಯಾರದೋ ಮನೆಯ ಸಾರಿಗೆ ಟೊಮೆಟೊ ಸಿಕ್ಕಿರುತ್ತೆ. ಭೂಮಿ ಉಳಿದಿರುತ್ತೆ, ಮುಂದಿನ ಬೆಳೆ ಇರುತ್ತೆ, ಎಪಿಎಂಸಿಯಲ್ಲಿ ಕೇಳೋಕೆ ಒಂದು ಕಚೇರಿ ಇರುತ್ತೆ. ಬಾಜಿಯಲ್ಲಿ ಸೋತವನಿಗೆ ಏನು ಉಳಿಯುತ್ತೆ?

ಹಾಗಾಗಿ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಒಂದು, ಖಾಲಿ ಚೆಕ್‌ಗೆ, ಖಾಲಿ ಬಾಂಡ್‌ಗೆ ಸಹಿ ಹಾಕಬೇಡಿ, ಯಾರೇ ಕೇಳಲಿ. ಎರಡು, ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಬಾಡಿಗೆ ಕೊಡಬೇಡಿ. ಮೂರು, ಮೆಸೇಜ್ ಅಳಿಸಬೇಡಿ. ಅದೇ ನಿಮ್ಮ ಸಾಕ್ಷಿ. ಬಾಗಿಲಿಗೆ ಬಂದು ಹೆದರಿಸಿದರೆ 112ಕ್ಕೆ ಫೋನ್ ಮಾಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ 1930. ಬಲವಂತದ ಸಾಲ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿದೆ. ಮಗನ ಮೇಲೇ ಕೇಸ್ ಆಗುತ್ತೆ ಅನ್ನೋ ಭಯ ಇರುತ್ತೆ, ಗೊತ್ತು. 2025ರ ಕೇಂದ್ರ ಕಾನೂನಿನಲ್ಲಿ ಶಿಕ್ಷೆ ಇರೋದು ಆಡಿಸುವವರಿಗೆ, ಆಡಿದವರಿಗಲ್ಲ. ರಾಜ್ಯದ ಪೊಲೀಸ್ ಕಾಯ್ದೆಯಲ್ಲಿ ಕೇಸ್ ಆಗುವ ಸಾಧ್ಯತೆ ಇದೆ, ಸುಳ್ಳು ಹೇಳಲ್ಲ. ಒಬ್ಬ ವಕೀಲರನ್ನು ಕೇಳಿ ಹೋಗಿ. ಆದರೆ ಒಂದು ಕೇಸಿಗಿಂತ ಒಂದು ಜೀವ ದೊಡ್ಡದು.

ನಾಲ್ಕನೆಯದು ಅಪ್ಪ ಅಮ್ಮಂದಿರಿಗೆ. ಮಗ ಮೊದಲ ಸಲ ಬಂದು "ಇಪ್ಪತ್ತು ಸಾವಿರ ಸಾಲ ಆಗಿದೆ" ಅಂದಾಗ ಕೈ ಎತ್ತಬೇಡಿ. ಕೂರಿಸಿಕೊಂಡು ಪೂರ್ತಿ ಲೆಕ್ಕ ಕೇಳಿ. ಬೈದರೆ ಇಪ್ಪತ್ತು ಸಾವಿರ ಹೇಳ್ತಾನೆ, ಎರಡು ಲಕ್ಷ ಮುಚ್ಚಿಡ್ತಾನೆ. ಅವನ ಮಾತು, ಮೌನ ವಿಚಿತ್ರ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಡೇರಿಯಲ್ಲಿ ಒಂದು ಪಾಯಿಂಟ್ ಫ್ಯಾಟ್‌ಗೆ ಜಗಳ ತೆಗೆಯೋ ತಾಯಂದಿರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಒಂದು ಮಾತು ಕೇಳಿ: "ಯಾರ ಹತ್ತಿರ ಲೆಕ್ಕ ಇಟ್ಟಿದೀಯಪ್ಪ?"